ಮ್ಯೂನಿಕ್‌ನಿಂದ ರೋಮ್‌ಗೆ ರಾತ್ರಿ ರೈಲು, ಇಳಿದ ದಿನವೇ ಹಡಗು: ಆರು ಮಂದಿಯ ಕುಟುಂಬಕ್ಕೆ ಇದು ಸಾಧ್ಯವೇ?

ಹೇಮಾವತಿ_ತೀರ

ಎಲ್ಲರಿಗೂ ನಮಸ್ಕಾರ. ಬರುವ ಜೂನ್‌ನಲ್ಲಿ ನಮ್ಮ ಮನೆಯ ಆರು ಮಂದಿ ಯುರೋಪಿಗೆ ಹೊರಟಿದ್ದೇವೆ: ನಾನು, ನಮ್ಮ ಯಜಮಾನರು, ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ, ಎಪ್ಪತ್ತೆರಡು ವರ್ಷದ ಮಾವನವರು ಮತ್ತು ಮಂಡಿನೋವಿನಿಂದ ಮೆಟ್ಟಿಲು ಹತ್ತಲು ಕಷ್ಟಪಡುವ ಅತ್ತೆಯವರು. ಬೆಂಗಳೂರಿನಿಂದ ಮ್ಯೂನಿಕ್‌ಗೆ ನೇರ ವಿಮಾನವಿದೆ. ಅಲ್ಲಿ ನಾದಿನಿಯ ಮನೆಯಲ್ಲಿ ಮೂರು ದಿನ ಇದ್ದು, ಆಮೇಲೆ ರೋಮ್‌ನ ಬಂದರಾದ ಚಿವಿತಾವೆಕ್ಕಿಯಾದಿಂದ ಏಳು ರಾತ್ರಿಯ ಕ್ರೂಸ್ ಹಡಗು ಹತ್ತುತ್ತೇವೆ. ಹಡಗು ನೇಪಲ್ಸ್, ಸ್ಯಾಂಟೊರಿನಿ, ಟರ್ಕಿಯ ಕುಶಾದಸಿ ಮತ್ತು ಅಥೆನ್ಸ್‌ನ ಪಿರಿಯಸ್ ಬಂದರುಗಳನ್ನು ಮುಟ್ಟಿ ಮತ್ತೆ ಚಿವಿತಾವೆಕ್ಕಿಯಾಕ್ಕೆ ಬರುತ್ತದೆ. ಹಡಗಿನ ಹಣವನ್ನು ಪೂರ್ತಿ ಕಟ್ಟಿಯಾಗಿದೆ.

ಮ್ಯೂನಿಕ್‌ನಿಂದ ರೋಮ್‌ಗೆ ಹೋಗುವುದು ಹೇಗೆ ಎಂಬುದೊಂದೇ ಇನ್ನೂ ತೀರ್ಮಾನವಾಗಿಲ್ಲ. ರಾತ್ರಿ ಎಂಟರ ಸುಮಾರಿಗೆ ಮ್ಯೂನಿಕ್ ಬಿಟ್ಟು ಬೆಳಗ್ಗೆ ಒಂಬತ್ತರ ಸುಮಾರಿಗೆ ರೋಮ್‌ನ ಮುಖ್ಯ ನಿಲ್ದಾಣವಾದ ಟರ್ಮಿನಿ ತಲುಪುವ, ಆಸ್ಟ್ರಿಯಾ ರೈಲ್ವೆಯವರ ನೈಟ್‌ಜೆಟ್ ಎಂಬ ಮಲಗುವ ರೈಲು ಯಜಮಾನರ ಕಣ್ಣಿಗೆ ಬಿದ್ದಿದೆ. ಹಡಗು ಹೊರಡುವುದು ಸಂಜೆ ಐದಕ್ಕೆ, ಪ್ರಯಾಣಿಕರೆಲ್ಲ ಮೂರೂವರೆಯೊಳಗೆ ಹಾಜರಿರಬೇಕು ಎಂದು ಟಿಕೆಟ್‌ನಲ್ಲಿ ಬರೆದಿದ್ದಾರೆ. ಒಂಬತ್ತಕ್ಕೆ ಇಳಿದು ಮೂರೂವರೆಗೆ ಬಂದರು ಸೇರುವುದು ಸುಲಭ, ಒಂದು ರಾತ್ರಿಯ ಹೋಟೆಲ್ ಖರ್ಚೂ ಉಳಿಯುತ್ತದೆ ಎಂಬುದು ಅವರ ಲೆಕ್ಕ. ನನಗೆ ಧೈರ್ಯ ಸಾಲುತ್ತಿಲ್ಲ. ಈ ದಾರಿಯಲ್ಲಿ ಹೋಗಿಬಂದವರು ದಯವಿಟ್ಟು ತಿಳಿಸಿ. ಹಿರಿಯರಿಗೆ ಯಾವ ದರ್ಜೆ ತೆಗೆದುಕೊಳ್ಳಬೇಕು ಎಂಬುದನ್ನೂ ಹೇಳಿದರೆ ಉಪಕಾರವಾಗುತ್ತದೆ.

ಇಸಾರ್_ದಂಡೆ

ಮ್ಯೂನಿಕ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ, ಈ ರೈಲಿನಲ್ಲಿ ನಾಲ್ಕು ಸಲ ಹೋಗಿದ್ದೇನೆ. ರೈಲನ್ನು ಧಾರಾಳವಾಗಿ ತೆಗೆದುಕೊಳ್ಳಿ, ಆದರೆ ಒಂದು ದಿನ ಮೊದಲೇ ಹತ್ತಿ. ನಾನು ಹೋದ ನಾಲ್ಕು ಸಲದಲ್ಲಿ ಎರಡು ಸಲ ಹೇಳಿದ ವೇಳೆಗೆ ಮುಟ್ಟಿತು, ಒಂದು ಸಲ ಐವತ್ತು ನಿಮಿಷ ತಡವಾಯಿತು, ಇನ್ನೊಂದು ಸಲ ಎರಡು ಗಂಟೆಗೂ ಹೆಚ್ಚು. ಆಲ್ಪ್ಸ್ ದಾಟಿಕೊಂಡು ಮೂರು ದೇಶಗಳ ಹಳಿಗಳ ಮೇಲೆ ಹದಿಮೂರು ಗಂಟೆ ಓಡುವ ಗಾಡಿಗೆ ಇದು ದೊಡ್ಡ ತಪ್ಪೇನಲ್ಲ. ಆದರೆ ಹಡಗು ನಮಗಾಗಿ ಕಾಯುವುದಿಲ್ಲ.

ಇನ್ನೊಂದು ವಿಷಯ. ಮ್ಯೂನಿಕ್‌ನ ಮುಖ್ಯ ನಿಲ್ದಾಣದಲ್ಲಿ ವರ್ಷಗಳಿಂದ ಕಟ್ಟಡದ ಕೆಲಸ ನಡೆಯುತ್ತಿದೆ, ಕೆಲವು ದಿನಗಳಲ್ಲಿ ರಾತ್ರಿ ರೈಲು ಅಲ್ಲಿಂದ ಹೊರಡದೆ ಪೂರ್ವ ನಿಲ್ದಾಣದಿಂದ, ಅಂದರೆ ಮ್ಯೂನಿಕ್ ಓಸ್ಟ್‌ನಿಂದ ಹೊರಡುತ್ತದೆ. ಟಿಕೆಟ್‌ನಲ್ಲಿ ಯಾವ ನಿಲ್ದಾಣ ಎಂದು ನೋಡಿ, ಹೊರಡುವ ಎರಡು ದಿನ ಮೊದಲು ಮತ್ತೊಮ್ಮೆ ನೋಡಿ.

ಟಿಕೆಟ್_ಲೆಕ್ಕ

ಎಲ್ಲರೂ ಸುಮ್ಮನೆ ಹೆದರಿಸುತ್ತಿದ್ದೀರಿ ಎಂದು ನನಗೆ ಅನ್ನಿಸುತ್ತದೆ. ಒಂಬತ್ತರಿಂದ ಮೂರೂವರೆಗೆ ಆರೂವರೆ ಗಂಟೆ ಆಯಿತು. ಟರ್ಮಿನಿಯಿಂದ ಚಿವಿತಾವೆಕ್ಕಿಯಾಕ್ಕೆ ಪ್ಯಾಸೆಂಜರ್ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ. ಎರಡು ಗಂಟೆ ತಡವಾದರೂ ಊಟ ಮಾಡಿಕೊಂಡೇ ಹೋಗಬಹುದು. ನಾನು, ನನ್ನ ಹೆಂಡತಿ ಮತ್ತು ಮಗ ಎರಡು ವರ್ಷದ ಹಿಂದೆ ಹೀಗೆಯೇ ಹೋದೆವು, ಹನ್ನೆರಡೂವರೆಗೆ ಹಡಗಿನಲ್ಲಿ ಊಟಕ್ಕೆ ಕುಳಿತಿದ್ದೆವು. ರೋಮ್‌ನಲ್ಲಿ ಆರು ಮಂದಿಗೆ ಎರಡು ಕೋಣೆ ಹಿಡಿದರೆ ಆಗುವ ಖರ್ಚನ್ನೂ ನೋಡಬೇಕಲ್ಲವೇ?

ಕಡಲ_ಪಯಣಿಗ

ಟಿಕೆಟ್_ಲೆಕ್ಕ ಅವರೇ, ನಿಮಗೆ ಸರಿಹೋಯಿತು ಎಂಬುದು ಸಂತೋಷದ ವಿಷಯ. ನಮಗೆ ಏನಾಯಿತು ಎಂಬುದನ್ನೂ ಹೇಳುತ್ತೇನೆ.

2019ರಲ್ಲಿ ನಾವು ನಾಲ್ವರು ಉತ್ತರ ಯುರೋಪಿನ ಒಂದು ಬಂದರಿಗೆ ರಾತ್ರಿ ರೈಲಿನಲ್ಲಿ ಹೊರಟಿದ್ದೆವು. ನಡುರಾತ್ರಿ ಎರಡರ ಹೊತ್ತಿಗೆ ಗಾಡಿ ಒಂದು ಸಣ್ಣ ನಿಲ್ದಾಣದಲ್ಲಿ ನಿಂತಿತು. ಮುಂದೆ ಗಾಳಿಗೆ ಮರ ಬಿದ್ದು ವಿದ್ಯುತ್ ತಂತಿ ಹರಿದಿದೆ ಎಂದರು. ಬೆಳಗಾಗುವವರೆಗೆ ಅಲ್ಲಿಯೇ ಇದ್ದೆವು, ಆಮೇಲೆ ಬಸ್ಸು ಬಂತು, ಬಸ್ಸಿನಿಂದ ಇನ್ನೊಂದು ರೈಲು. ಬಂದರು ಮುಟ್ಟಿದಾಗ ಹಡಗು ಇನ್ನೂ ದಕ್ಕೆಯಲ್ಲೇ ಇತ್ತು, ಆದರೆ ಹತ್ತುವ ಸೇತುವೆಯನ್ನು ತೆಗೆದಾಗಿತ್ತು, ಕೆಳಗೆ ನಿಂತವರು ದಪ್ಪ ಹಗ್ಗಗಳನ್ನು ಬಿಚ್ಚುತ್ತಿದ್ದರು. ನನ್ನ ಮಗಳು ಕೈ ಬೀಸಿದಳು. ಮೇಲಿನ ಡೆಕ್‌ನಿಂದ ಯಾರೋ ನಮ್ಮನ್ನು ಬೀಳ್ಕೊಡಲು ಬಂದವರೆಂದು ತಿಳಿದು ತಿರುಗಿ ಕೈ ಬೀಸಿದರು. ಆ ಕ್ಷಣವನ್ನು ನಾನು ಇಂದಿಗೂ ಮರೆತಿಲ್ಲ.

ಮುಂದಿನ ಬಂದರಿನಲ್ಲಿ ಹತ್ತಿಕೊಳ್ಳಬಹುದು ಎಂದು ಹೇಳುವುದು ಸುಲಭ. ಅದಕ್ಕೆ ಹಡಗಿನ ಕಂಪನಿಯ ಒಪ್ಪಿಗೆ ಬೇಕು, ಆ ದೇಶಕ್ಕೆ ಹೋಗಲು ವೀಸಾ ಬೇಕು, ವಿಮಾನದ ಟಿಕೆಟ್ ಹಣ ನಮ್ಮ ಕೈಯಿಂದಲೇ ಹೋಗುತ್ತದೆ. ನಾವು ಎರಡು ದಿನ ಕಳೆದು ಹತ್ತಿದೆವು. ಅಂದು ಖರ್ಚಾದ ಹಣದಲ್ಲಿ ಆರು ಸಲ ಹೋಟೆಲ್‌ನಲ್ಲಿ ತಂಗಬಹುದಿತ್ತು. ಹೇಮಾವತಿ_ತೀರ ಅವರ ಹಡಗು ಮರುದಿನ ನೇಪಲ್ಸ್‌ಗೆ ಹೋಗುವುದರಿಂದ ಅವರಿಗೆ ಅಷ್ಟು ಕಷ್ಟವಾಗದಿರಬಹುದು, ರೋಮ್‌ನಿಂದ ನೇಪಲ್ಸ್‌ಗೆ ವೇಗದ ರೈಲಿನಲ್ಲಿ ಒಂದೂಕಾಲು ಗಂಟೆ ಸಾಕು. ಆದರೂ ಎಪ್ಪತ್ತು ದಾಟಿದವರನ್ನೂ ನಾಲ್ಕು ವರ್ಷದ ಮಗುವನ್ನೂ ಕಟ್ಟಿಕೊಂಡು ಅಂಥ ದಿನವನ್ನು ಎದುರಿಸುವ ಅಗತ್ಯವೇ ಇಲ್ಲ.

ಟಿಕೆಟ್_ಲೆಕ್ಕ

ರೈಲು ತಡವಾದರೆ ರೈಲಿನವರು ಪರಿಹಾರ ಕೊಡಬೇಕೆಂಬ ಕಾನೂನು ಯುರೋಪಿನಲ್ಲಿದೆಯಲ್ಲ?

ಡ್ಯಾನ್ಯೂಬ್_ಕನ್ನಡತಿ

ಇದೆ, ಆದರೆ ನೀವು ಅಂದುಕೊಂಡ ಪರಿಹಾರ ಅದಲ್ಲ. ಒಂದರಿಂದ ಎರಡು ಗಂಟೆಯೊಳಗೆ ತಡವಾದರೆ ಟಿಕೆಟ್ ಬೆಲೆಯ ಶೇಕಡಾ 25, ಎರಡು ಗಂಟೆ ಅಥವಾ ಅದಕ್ಕಿಂತ ಹೆಚ್ಚು ತಡವಾದರೆ ಶೇಕಡಾ 50. ದಾರಿಯಲ್ಲಿ ಸಿಕ್ಕಿಕೊಂಡಾಗ ಊಟ, ತಿಂಡಿ, ಬೇಕಾದರೆ ರಾತ್ರಿ ತಂಗುವ ವ್ಯವಸ್ಥೆಯನ್ನೂ ಮಾಡಬೇಕು. ತಪ್ಪಿಹೋದ ಹಡಗಿನ ಹಣಕ್ಕೂ ರೈಲಿನವರಿಗೂ ಸಂಬಂಧವಿಲ್ಲ. ಅದಕ್ಕೆ ಪ್ರವಾಸ ವಿಮೆಯೇ ಆಗಬೇಕು. ವಿಮೆಯಲ್ಲಿಯೂ ಇಷ್ಟು ಗಂಟೆ ಮೊದಲು ತಲುಪುವಂತೆ ಯೋಜನೆ ಮಾಡಿಕೊಂಡಿರಬೇಕು ಎಂಬ ಷರತ್ತು ಇರುವುದುಂಟು. ಪಾಲಿಸಿಯ ಆ ಪುಟವನ್ನು ಹುಡುಕಿ ಓದಿ, ಏಜೆಂಟರ ಬಾಯಿಮಾತನ್ನು ನೆಚ್ಚಿಕೊಳ್ಳಬೇಡಿ.

ಧಾರವಾಡ_ಓಣಿ

ಹಿರಿಯರ ವಿಷಯಕ್ಕೆ ಬರೋಣ. ಅತ್ತೆ ಮಾವಂದಿರಿಗೆ ಸ್ಲೀಪರ್ ಕೋಣೆ ತೆಗೆದುಕೊಡಿ, ನೀವು ನಾಲ್ವರು ಕುಶೆಟ್‌ನಲ್ಲಿ, ಅಂದರೆ ಬರ್ತ್‌ಗಳಿರುವ ಅಗ್ಗದ ದರ್ಜೆಯ ಕೋಣೆಯಲ್ಲಿ ಹೋಗಿ. ಸ್ಲೀಪರ್ ಎಂದರೆ ಅಲ್ಲಿ ನಮ್ಮ ಸ್ಲೀಪರ್ ಕ್ಲಾಸ್ ಅಲ್ಲ, ಎಲ್ಲಕ್ಕಿಂತ ಮೇಲಿನ ದರ್ಜೆ. ಒಳಗೇ ಕೈ ತೊಳೆಯುವ ಬೇಸಿನ್ ಇರುತ್ತದೆ, ಕೆಲವು ಕೋಣೆಗಳಲ್ಲಿ ಶವರ್ ಮತ್ತು ಶೌಚಾಲಯವೂ ಇರುತ್ತವೆ. ಹಾಸಿಗೆಯೂ ಚೆನ್ನಾಗಿರುತ್ತದೆ.

ನಿವೃತ್ತ_ಗಾರ್ಡ್

ಧಾರವಾಡದವರ ಸಲಹೆ ಒಳ್ಳೆಯ ಮನಸ್ಸಿನಿಂದ ಬಂದದ್ದು, ಆದರೆ ಅದರಲ್ಲಿ ಒಂದು ತೊಡಕಿದೆ. ನಾನು ಹುಬ್ಬಳ್ಳಿ ವಿಭಾಗದಲ್ಲಿ ಗಾರ್ಡ್ ಆಗಿ ಮೂವತ್ತೊಂದು ವರ್ಷ ಕೆಲಸ ಮಾಡಿದವನು, ಮಗನ ಜೊತೆ ಇದೇ ಕಂಪನಿಯ ರೈಲಿನಲ್ಲಿ ವಿಯೆನ್ನಾದಿಂದ ವೆನಿಸ್‌ಗೆ ಹೋಗಿದ್ದೇನೆ. ಆಗ ಬೋಗಿಯನ್ನು ತುದಿಯಿಂದ ತುದಿಗೆ ನೋಡಿಕೊಂಡು ಬಂದೆ.

ಅಲ್ಲಿಯ ಬೋಗಿ ನಮ್ಮದಕ್ಕಿಂತ ಕಿರಿದು. ನಮ್ಮ ಬ್ರಾಡ್‌ಗೇಜ್‌ನಲ್ಲಿ ಹಳಿಗಳ ನಡುವಿನ ಅಂತರ 1676 ಮಿಲಿಮೀಟರ್, ಅಲ್ಲಿ 1435. ನಮ್ಮ ಹೊಸ ಮಾದರಿಯ ಎಲ್‌ಎಚ್‌ಬಿ ಬೋಗಿಯ ಅಗಲ ಮೂರೂಕಾಲು ಮೀಟರ್‌ಗೆ ಹತ್ತಿರ, ಅಲ್ಲಿಯದು ಮೂರು ಮೀಟರ್‌ಗಿಂತ ಕಡಿಮೆ. ಆ ಅಗಲದಲ್ಲಿಯೇ ಒಂದು ಪಕ್ಕಕ್ಕೆ ಓಡಾಡುವ ದಾರಿ, ಇನ್ನೊಂದು ಪಕ್ಕಕ್ಕೆ ಬಾಗಿಲಿರುವ ಕೋಣೆಗಳು. ಆದ್ದರಿಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನ ಎಸಿ ಬೋಗಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ಎಲ್ಲವೂ ಇಕ್ಕಟ್ಟಾಗಿ ಕಾಣುತ್ತದೆ.

ತೊಡಕು ಎಂದೆನಲ್ಲ, ಅದು ಇದು. ಸ್ಲೀಪರ್ ಕೋಣೆಯಲ್ಲಿ ಹಾಸಿಗೆಗಳು ಒಂದೇ ಗೋಡೆಗೆ ಒಂದರ ಮೇಲೊಂದು ಇರುತ್ತವೆ. ಇಬ್ಬರಿಗೆ ಕೊಟ್ಟರೆ ಒಂದು ಕೆಳಗೆ, ಒಂದು ಮೇಲೆ, ಮೂವರಿಗೆ ಕೊಟ್ಟರೆ ನಡುವೆ ಇನ್ನೊಂದು. ಅಂದರೆ ಎಷ್ಟೇ ಹಣ ಕೊಟ್ಟರೂ ಒಂದು ಕೋಣೆಗೆ ಕೆಳಗಿನ ಹಾಸಿಗೆ ಒಂದೇ. ಅತ್ತೆಯವರು ಕೆಳಗೆ ಮಲಗಿದರೆ ಎಪ್ಪತ್ತೆರಡರ ಮಾವನವರು ಏಣಿ ಹತ್ತಬೇಕು. ಕುಶೆಟ್ ಕೋಣೆಯಲ್ಲಿ ನಮ್ಮಲ್ಲಿರುವಂತೆ ಎರಡೂ ಪಕ್ಕ ಬರ್ತ್‌ಗಳಿರುತ್ತವೆ, ನಾಲ್ಕು ಬರ್ತ್‌ನ ಕೋಣೆಯಾಗಲಿ ಆರು ಬರ್ತ್‌ನದಾಗಲಿ ಕೆಳಗಿನವು ಎರಡು. ಇಬ್ಬರು ಹಿರಿಯರೂ ನೆಲದ ಮಟ್ಟದಲ್ಲಿ ಎದುರುಬದುರು ಮಲಗುವುದಾದರೆ ಅಗ್ಗದ ಕುಶೆಟ್ಟೇ ಅವರಿಗೆ ಅನುಕೂಲ.

ಧಾರವಾಡ_ಓಣಿ

ಇದು ನನಗೆ ಹೊಳೆದಿರಲಿಲ್ಲ. ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ, ಗಾರ್ಡ್ ಸಾಹೇಬರೇ.

ಇಸಾರ್_ದಂಡೆ

ಗಾರ್ಡ್ ಅವರ ಮಾತು ಸರಿ. ಅದಕ್ಕೆ ಇಷ್ಟು ಸೇರಿಸುತ್ತೇನೆ: ಬುಕ್ ಮಾಡುವಾಗ ಇಡೀ ಕೋಣೆಯನ್ನು ನಮಗೇ ತೆಗೆದುಕೊಳ್ಳುವ ಆಯ್ಕೆ ಇರುತ್ತದೆ, ಅದನ್ನೇ ಒತ್ತಿ. ಬಿಡಿಬಿಡಿಯಾಗಿ ಬರ್ತ್ ತೆಗೆದರೆ ಕುಟುಂಬ ಎರಡು ಕೋಣೆಗೆ ಹರಿದುಹೋಗಬಹುದು. ಆರು ವರ್ಷದೊಳಗಿನ ಮಕ್ಕಳು ಪ್ರತ್ಯೇಕ ಬರ್ತ್ ಇಲ್ಲದೆ ದೊಡ್ಡವರ ಜೊತೆ ಮಲಗುವುದಾದರೆ ಟಿಕೆಟ್ ಹಣ ಇಲ್ಲ. ಮಗ ನಿಮ್ಮ ಜೊತೆ ಮಲಗಿದರೆ ಆರನೆಯ ಬರ್ತ್ ಲಗೇಜಿಗೆ ಸಿಗುತ್ತದೆ, ಆರು ಮಂದಿಯ ಕ್ರೂಸ್ ಸಾಮಾನಿಗೆ ಅದು ಖಂಡಿತ ಬೇಕಾಗುತ್ತದೆ.

ಹೊಸ ಪೀಳಿಗೆಯ ನೈಟ್‌ಜೆಟ್ ಬೋಗಿಗಳು 2023ರ ಡಿಸೆಂಬರ್‌ನಿಂದ ಬರುತ್ತಿವೆ. ಅವುಗಳಲ್ಲಿ ಕುಶೆಟ್ ಕೋಣೆಗೆ ನಾಲ್ಕೇ ಬರ್ತ್, ಒಬ್ಬೊಬ್ಬರೇ ಹೋಗುವವರಿಗೆ ಗೂಡಿನಂಥ ಪುಟ್ಟ ಕ್ಯಾಬಿನ್‌ಗಳೂ ಇವೆ. ನಿಮ್ಮ ದಿನಾಂಕಕ್ಕೆ ಯಾವ ಬೋಗಿ ಹಾಕಿದ್ದಾರೆ ಎಂಬುದನ್ನು ನೋಡಿಕೊಂಡು ತೀರ್ಮಾನಿಸಿ. ಹೊಸ ಬೋಗಿಯಾದರೆ ಎರಡು ಕೋಣೆ ಬೇಕಾಗುತ್ತದೆ.

ಹೇಮಾವತಿ_ತೀರ

ಇಷ್ಟು ಬೇಗ ಇಷ್ಟೊಂದು ಉತ್ತರ ಬರುತ್ತದೆ ಎಂದುಕೊಂಡಿರಲಿಲ್ಲ, ಎಲ್ಲರಿಗೂ ವಂದನೆಗಳು. ಗಾರ್ಡ್ ಸರ್ ಬರೆದದ್ದನ್ನು ಮಾವನವರಿಗೆ ಓದಿ ಹೇಳಿದೆ. ತಮಗೂ ಕೆಳಗಿನ ಬರ್ತ್ ಸಿಗುತ್ತದೆ ಎಂದು ತಿಳಿದು ಅವರ ಮುಖ ಅರಳಿತು. ಅತ್ತೆಯವರಿಗೆ ಶೌಚಾಲಯದ್ದೇ ಚಿಂತೆ. ಸೂಟ್‌ಕೇಸ್‌ಗಳನ್ನು ಎಲ್ಲಿ ಇಡಬೇಕು, ರಾತ್ರಿ ಯಾರಾದರೂ ಒಳಗೆ ಬರುವ ಭಯ ಉಂಟೇ ಎಂಬುದನ್ನೂ ಯಾರಾದರೂ ಬಿಡಿಸಿ ಹೇಳುವಿರಾ?

ಡ್ಯಾನ್ಯೂಬ್_ಕನ್ನಡತಿ

ಅಕ್ಕಾ, ಆರು ಬರ್ತ್‌ನ ಕುಶೆಟ್‌ನಲ್ಲಿ ಕಳೆದ ವರ್ಷ ನಮ್ಮ ಅಪ್ಪ ಅಮ್ಮನನ್ನು ವಿಯೆನ್ನಾದಿಂದ ರೋಮ್‌ಗೆ ಕರೆದುಕೊಂಡು ಹೋಗಿದ್ದೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಹಳೆಯ ಬೋಗಿಯ ಬಾಗಿಲಿನಲ್ಲಿ ಕಡಿದಾದ ಮೂರು ಮೆಟ್ಟಿಲುಗಳಿದ್ದವು. ಅಮ್ಮನಿಗೆ ಅದೊಂದೇ ಕಷ್ಟವಾದದ್ದು. ಒಬ್ಬರು ಮೊದಲು ಹತ್ತಿ ಕೈ ಕೊಡಬೇಕು, ಇನ್ನೊಬ್ಬರು ಹಿಂದೆ ನಿಂತಿರಬೇಕು. ಸೂಟ್‌ಕೇಸ್ ಆಮೇಲೆ. ಒಳಗೆ ಹೋದಾಗ ಪ್ರತಿ ಬರ್ತ್‌ಗೂ ಒಂದು ದಿಂಬು, ಒಂದು ಕಂಬಳಿ, ಒಗೆದು ಮಡಿಸಿದ ಒಂದು ಹೊದಿಕೆ ಇಟ್ಟಿದ್ದರು. ದೊಡ್ಡ ಸೂಟ್‌ಕೇಸ್ ಕೆಳಗಿನ ಬರ್ತ್‌ನ ಅಡಿಯಲ್ಲಿ ಹಿಡಿಸಲಿಲ್ಲ. ಬಾಗಿಲಿನ ಮೇಲೆ, ಓಡಾಡುವ ದಾರಿಯ ಚಾವಣಿಯ ಮೇಲ್ಭಾಗಕ್ಕೆ ಚಾಚಿಕೊಂಡಂತೆ ಒಂದು ಅಟ್ಟವಿದೆ, ಅದರ ಬಾಯಿ ನಮ್ಮ ಕೋಣೆಯೊಳಕ್ಕೆ ತೆರೆದಿರುತ್ತದೆ. ನನ್ನ ಗಂಡ ಏಣಿ ಹತ್ತಿ ಎರಡು ದೊಡ್ಡ ಸೂಟ್‌ಕೇಸ್‌ಗಳನ್ನು ಅಲ್ಲಿಗೆ ತಳ್ಳಿದರು. ಈ ಅಟ್ಟ ಇರುವುದು ಗೊತ್ತಿಲ್ಲದೆ ಪಕ್ಕದ ಕೋಣೆಯವರು ರಾತ್ರಿಯಿಡೀ ಸೂಟ್‌ಕೇಸನ್ನು ಕಾಲಡಿ ಇಟ್ಟುಕೊಂಡು ಕುಳಿತಿದ್ದರು. ರಾತ್ರಿಗೆ ಬೇಕಾದ ಬಟ್ಟೆ, ಔಷಧಿ, ಹಲ್ಲುಜ್ಜುವ ಬ್ರಷ್ ಎಲ್ಲವನ್ನೂ ಒಂದು ಕೈಚೀಲದಲ್ಲಿ ಪ್ರತ್ಯೇಕವಾಗಿ ಇಟ್ಟುಕೊಳ್ಳಿ, ಏಕೆಂದರೆ ಅಟ್ಟಕ್ಕೆ ಹೋದದ್ದನ್ನು ಬೆಳಗಿನವರೆಗೆ ಇಳಿಸಲು ಆಗುವುದಿಲ್ಲ.

ಬೋಗಿಗೆ ಒಬ್ಬ ಪರಿಚಾರಕರಿರುತ್ತಾರೆ. ಹೊರಟ ಸ್ವಲ್ಪ ಹೊತ್ತಿಗೆ ಬಂದು ಟಿಕೆಟ್ ನೋಡಿ, ಬೆಳಗ್ಗೆ ಚಹಾ ಬೇಕೋ ಕಾಫಿ ಬೇಕೋ ಎಂದು ಕೇಳಿ ಬರೆದುಕೊಂಡರು. ಪಾಸ್‌ಪೋರ್ಟ್ ಕೈಗೆಟಕುವಂತೆ ಇರಲಿ, ದಾರಿಯಲ್ಲಿ ಪೊಲೀಸರು ನೋಡಿದರೂ ನೋಡಬಹುದು. ಬಾಗಿಲಿಗೆ ಒಳಗಿನಿಂದ ಚಿಲಕ ಮತ್ತು ಕೊಂಡಿ ಇವೆ, ಎರಡನ್ನೂ ಹಾಕಿಕೊಂಡರೆ ಭಯವಿಲ್ಲ. ಶೌಚಾಲಯ ಬೋಗಿಯ ತುದಿಯಲ್ಲಿ, ಕುಳಿತುಕೊಳ್ಳುವ ಕಮೋಡ್, ಕಾಗದ ಮಾತ್ರ ಇರುತ್ತದೆ. ಅಮ್ಮ ಒಂದು ಖಾಲಿ ನೀರಿನ ಬಾಟಲಿಯನ್ನು ಅದಕ್ಕೆಂದೇ ಇಟ್ಟುಕೊಂಡಿದ್ದರು. ಕೆಳಗಿನ ಬರ್ತ್ ಆದ್ದರಿಂದ ರಾತ್ರಿ ಎರಡು ಸಲ ಯಾರನ್ನೂ ಎಬ್ಬಿಸದೆ ಹೋಗಿಬಂದರು.

ನಡುರಾತ್ರಿ ಆಸ್ಟ್ರಿಯಾದ ಫಿಲ್ಲಾಖ್ ನಿಲ್ದಾಣದಲ್ಲಿ ಗಾಡಿ ಬಹಳ ಹೊತ್ತು ನಿಂತು ಧಡ್ ಎಂದು ಎರಡು ಸಲ ಅಲುಗಿತು. ಅಪ್ಪ ಎದ್ದು ಕುಳಿತರು. ವಿಯೆನ್ನಾದಿಂದ ಬಂದ ಬೋಗಿಗಳನ್ನೂ ಮ್ಯೂನಿಕ್‌ನಿಂದ ಬಂದ ಬೋಗಿಗಳನ್ನೂ ಅಲ್ಲಿ ಬಿಡಿಸಿ, ಬೇರೆ ಬೇರೆ ಊರಿನ ಗಾಡಿಗಳಿಗೆ ಜೋಡಿಸುತ್ತಾರೆ. ಆದ್ದರಿಂದ ನಿಮ್ಮ ಬೋಗಿಯ ಸಂಖ್ಯೆ ಬಹಳ ಮುಖ್ಯ. ರೈಲು ಸರಿಯಾಗಿದೆ ಎಂದು ಸಿಕ್ಕ ಬೋಗಿಗೆ ಹತ್ತಿ ಮಲಗಿದರೆ ಬೆಳಗ್ಗೆ ವೆನಿಸ್‌ನಲ್ಲಿ ಎಚ್ಚರವಾಗಬಹುದು.

ನಿವೃತ್ತ_ಗಾರ್ಡ್

ಈ ಅಲುಗಾಟದ ಬಗ್ಗೆ ಮಕ್ಕಳಿಗೆ ಮೊದಲೇ ಹೇಳಿಟ್ಟಿರಿ. ಮೇಲಿನ ಬರ್ತ್‌ನಲ್ಲಿ ಮಲಗುವ ಒಂಬತ್ತು ವರ್ಷದ ಮಗುವಿಗೆ ಬೀಳದಂತೆ ಪಟ್ಟಿ ಇರುತ್ತದೆ, ಅದನ್ನು ಎಳೆದು ಕಟ್ಟಿ ಗಟ್ಟಿಯಾಗಿದೆಯೇ ಎಂದು ನೀವೇ ಕೈಯಿಂದ ನೋಡಿ.

ಮಲೆನಾಡಿಗ

ನನ್ನದೊಂದು ಬೇರೆ ಸಲಹೆ. ರೋಮ್‌ನ ಬದಲು ವೆನಿಸ್‌ನಿಂದ ಹೊರಡುವ ಹಡಗನ್ನು ಆರಿಸಿಕೊಂಡರೆ ನಿಲ್ದಾಣದಿಂದಲೇ ಹಡಗು ಕಾಣುತ್ತದೆ ಎಂದು ಓದಿದ್ದೆ. ಪ್ಯಾರಿಸ್‌ನಿಂದಲೂ ವೆನಿಸ್‌ಗೆ ರಾತ್ರಿ ರೈಲಿದೆಯಂತೆ. ಮುಂದೆ ಹೋಗುವವರಿಗಾದರೂ ಉಪಯೋಗವಾದೀತು.

ಡ್ಯಾನ್ಯೂಬ್_ಕನ್ನಡತಿ

ಅಣ್ಣಾ, ನೀವು ಓದಿದ್ದು ಹಳೆಯ ಬರಹವಿರಬೇಕು. ಪ್ಯಾರಿಸ್‌ನಿಂದ ವೆನಿಸ್‌ಗೆ ಹೋಗುತ್ತಿದ್ದ ಥೆಲ್ಲೋ ರೈಲು 2020ರಲ್ಲಿ ನಿಂತದ್ದು ಮತ್ತೆ ಓಡಲಿಲ್ಲ. ಪ್ಯಾರಿಸ್‌ನಿಂದ ಬಾರ್ಸಿಲೋನಾಕ್ಕಿದ್ದ ಮಲಗುವ ರೈಲು 2013ರಲ್ಲೇ ನಿಂತಿದೆ. ಪ್ಯಾರಿಸ್ ಮತ್ತು ವಿಯೆನ್ನಾ ನಡುವಿನ ನೈಟ್‌ಜೆಟ್ ಕೂಡ 2025ರ ಡಿಸೆಂಬರ್‌ನಲ್ಲಿ ನಿಂತಿತು. ವೆನಿಸ್‌ನ ವಿಷಯವೂ ಬದಲಾಗಿದೆ: 25,000 ಟನ್‌ಗಿಂತ ದೊಡ್ಡ ಹಡಗುಗಳು ಸಂತ ಮಾರ್ಕನ ಚೌಕದ ಮುಂದಿನ ನೀರಿಗೆ 2021ರ ಆಗಸ್ಟ್ 1ರಿಂದ ಬರುವಂತಿಲ್ಲ. ವೆನಿಸ್ ಎಂದು ಹೆಸರು ಹಾಕಿ ಮಾರುವ ಎಷ್ಟೋ ಹಡಗುಗಳು ಹೊರಡುವುದು ಮಾರ್ಗೇರಾ, ಟ್ರಿಯೆಸ್ಟ್ ಅಥವಾ ರವೆನ್ನಾದಿಂದ. ಯಾವ ಊರು ಎಂಬುದಕ್ಕಿಂತ ಯಾವ ದಕ್ಕೆ ಎಂಬುದನ್ನು ನೋಡಿ ಟಿಕೆಟ್ ತೆಗೆಯಬೇಕು. ಯುರೋಪಿನ ರೈಲು ವೇಳಾಪಟ್ಟಿ ಪ್ರತಿ ವರ್ಷ ಡಿಸೆಂಬರ್‌ನ ಎರಡನೆಯ ಶನಿವಾರದ ನಡುರಾತ್ರಿ ಬದಲಾಗುತ್ತದೆ. ಹಿಂದಿನ ವರ್ಷದ ಬರಹವನ್ನು ನೆಚ್ಚಿಕೊಂಡು ಯಾರೂ ಹಣ ಕಟ್ಟಬೇಡಿ.

ಮಲೆನಾಡಿಗ

ತಿದ್ದಿದ್ದಕ್ಕೆ ಧನ್ಯವಾದ, ತಂಗಿ.

ಟಿಕೆಟ್_ಲೆಕ್ಕ

ಕಡಲ_ಪಯಣಿಗ ಅವರು ಬರೆದದ್ದನ್ನು ಓದಿದ ಮೇಲೆ ಇಳಿದ ದಿನವೇ ಹಡಗು ಎಂಬ ವಾದವನ್ನು ಬಿಡುತ್ತೇನೆ. ಆದರೆ ನನ್ನ ಮುಂದಿನ ಪ್ರಶ್ನೆಗೆ ಉತ್ತರ ಕೊಡಿ. ಒಂದು ರಾತ್ರಿ ಹೋಟೆಲ್‌ನಲ್ಲಿ ಇರಲೇಬೇಕಾದರೆ ಹೋಟೆಲ್ ಹಣ ಉಳಿಯಲಿಲ್ಲ. ಹಾಗಿದ್ದರೆ ರಾತ್ರಿ ರೈಲು ಏಕೆ? ಮ್ಯೂನಿಕ್‌ನಿಂದ ಬೆಳಗ್ಗೆ ಹೊರಟರೆ ಬ್ರೆನ್ನರ್ ಕಣಿವೆಯ ಮೂಲಕ ಐದೂವರೆ ಗಂಟೆಯಲ್ಲಿ ವೆರೋನಾ, ಅಲ್ಲಿಂದ ವೇಗದ ರೈಲಿನಲ್ಲಿ ಮೂರು ಗಂಟೆಗೆ ರೋಮ್. ಮಕ್ಕಳು ಆಲ್ಪ್ಸ್ ಪರ್ವತವನ್ನು ಹಗಲಿನಲ್ಲಿ ನೋಡುತ್ತಾರೆ, ಹಿರಿಯರು ರಾತ್ರಿ ಮಂಚದ ಮೇಲೆ ಮಲಗುತ್ತಾರೆ. ರಾತ್ರಿ ರೈಲಿನಲ್ಲಿ ಬೆಳಗ್ಗೆ ಒಂಬತ್ತಕ್ಕೆ ಇಳಿದರೆ ಹೋಟೆಲ್ ಕೋಣೆ ಕೈಗೆ ಸಿಗುವುದು ಮಧ್ಯಾಹ್ನ ಎರಡೋ ಮೂರೋ ಗಂಟೆಗೆ. ಸ್ನಾನವಿಲ್ಲದೆ, ನಿದ್ದೆ ಸಾಲದೆ ಐದಾರು ಗಂಟೆ ಅವರು ಎಲ್ಲಿರಬೇಕು?

ಇಸಾರ್_ದಂಡೆ

ಇದು ಒಪ್ಪಬೇಕಾದ ಮಾತು. ಬ್ರೆನ್ನರ್ ದಾರಿಯ ಹಗಲು ರೈಲು ನನಗೂ ಅಚ್ಚುಮೆಚ್ಚು, ಇನ್ಸ್‌ಬ್ರುಕ್ ದಾಟಿದ ಮೇಲೆ ಕಿಟಕಿ ಬಿಟ್ಟು ಏಳಲು ಮನಸ್ಸಾಗುವುದಿಲ್ಲ. ಆದರೆ ವೆರೋನಾದಲ್ಲಿ ಗಾಡಿ ಬದಲಿಸಬೇಕು. ಆರು ಮಂದಿ, ಐದಾರು ಸೂಟ್‌ಕೇಸ್, ಮಂಡಿನೋವು, ನಾಲ್ಕು ವರ್ಷದ ಮಗು, ಮೊದಲ ಗಾಡಿ ತಡವಾದರೆ ಎರಡನೆಯದು ತಪ್ಪುವ ಆತಂಕ. ರಾತ್ರಿ ರೈಲಿನಲ್ಲಿ ಒಮ್ಮೆ ಹತ್ತಿದರೆ ಒಮ್ಮೆ ಇಳಿದರಾಯಿತು. ಮ್ಯೂನಿಕ್‌ನಲ್ಲಿ ನಾದಿನಿಯ ಮನೆಯವರ ಜೊತೆ ಇನ್ನೊಂದು ಇಡೀ ಹಗಲು ಸಿಗುತ್ತದೆ. ಮಗಳ ಮನೆಗೆಂದು ಅಷ್ಟು ದೂರ ಬಂದ ಅಪ್ಪ ಅಮ್ಮನಿಗೆ ಆ ಒಂದು ಹಗಲು ಬಹಳ ದೊಡ್ಡದು.

ಕಡಲ_ಪಯಣಿಗ

ಐದಾರು ಗಂಟೆ ಕಳೆಯುವ ಚಿಂತೆಗೆ ಒಂದು ದಾರಿ ಇದೆ. ರೋಮ್‌ನಲ್ಲಿ ತಂಗಲೇ ಬೇಡಿ, ಹಿಂದಿನ ರಾತ್ರಿಯನ್ನು ಚಿವಿತಾವೆಕ್ಕಿಯಾದಲ್ಲಿಯೇ ಕಳೆಯಿರಿ. ಟರ್ಮಿನಿಯಲ್ಲಿ ಇಳಿದು ತಿಂಡಿ ಮುಗಿಸಿ, ಅವಸರವಿಲ್ಲದೆ ಪ್ಯಾಸೆಂಜರ್ ರೈಲು ಹಿಡಿದರೆ ಮಧ್ಯಾಹ್ನದ ಹೊತ್ತಿಗೆ ಆ ಊರಿನಲ್ಲಿರುತ್ತೀರಿ. ಸೂಟ್‌ಕೇಸ್‌ಗಳನ್ನು ಹೋಟೆಲ್‌ನಲ್ಲಿ ಇಟ್ಟು ಸಮುದ್ರದ ದಂಡೆಯಲ್ಲಿ ಮಕ್ಕಳನ್ನು ಆಡಲು ಬಿಡಬಹುದು. ರೋಮ್ ನೋಡುವುದನ್ನು ಹಡಗಿನಿಂದ ಹಿಂತಿರುಗಿದ ಮೇಲೆ ಇಟ್ಟುಕೊಳ್ಳಿ, ಆಗ ಯಾವ ಗಡಿಯಾರವೂ ನಿಮ್ಮನ್ನು ಅಟ್ಟಿಸಿಕೊಂಡು ಬರುವುದಿಲ್ಲ.

ಟರ್ಮಿನಿಯಲ್ಲಿ ಒಂದು ಎಚ್ಚರಿಕೆ: ಚಿವಿತಾವೆಕ್ಕಿಯಾದ ಗಾಡಿಗಳು ಸಾಮಾನ್ಯವಾಗಿ ಕೊನೆಯ ಪ್ಲಾಟ್‌ಫಾರಂಗಳಿಂದ ಹೊರಡುತ್ತವೆ, ನಡಿಗೆ ಬಹಳ ದೂರ. ಅತ್ತೆಯವರಿಗಾಗಿ ಗಾಲಿಕುರ್ಚಿಯ ನೆರವು ಕೇಳಿ. ಇಟಲಿಯ ದೊಡ್ಡ ನಿಲ್ದಾಣಗಳಲ್ಲಿ ಸಾಲಾ ಬ್ಲೂ ಎಂಬ ವಿಭಾಗ ಇದಕ್ಕೆಂದೇ ಇದೆ, ಹಣ ಕೊಡಬೇಕಾಗಿಲ್ಲ, ಆದರೆ ಮೊದಲೇ ತಿಳಿಸಿರಬೇಕು. ಕಾಗದದ ಟಿಕೆಟ್ ತೆಗೆದರೆ ಹತ್ತುವ ಮೊದಲು ಪ್ಲಾಟ್‌ಫಾರಂ ಬಳಿಯ ಯಂತ್ರದಲ್ಲಿ ಮುದ್ರೆ ಹಾಕಿಸಿ, ಇಲ್ಲದಿದ್ದರೆ ದಂಡ. ಮರುದಿನ ಚಿವಿತಾವೆಕ್ಕಿಯಾ ನಿಲ್ದಾಣದ ಬಳಿಯಿಂದ ಲಾರ್ಗೊ ದೆಲ್ಲಾ ಪಾಚೆ ಎಂಬ ಜಾಗಕ್ಕೆ ಬಸ್ಸು, ಅಲ್ಲಿಂದ ಹಡಗಿನ ಬುಡಕ್ಕೆ ಬಂದರಿನ ಉಚಿತ ಬಸ್ಸು. ನಿಮ್ಮಷ್ಟು ಜನಕ್ಕೆ ಒಂದು ದೊಡ್ಡ ಟ್ಯಾಕ್ಸಿ ಹೇಳಿಬಿಡುವುದೇ ಒಳ್ಳೆಯದು.

ಧಾರವಾಡ_ಓಣಿ

ಇಟಲಿಯಲ್ಲಿ ರೈಲು ಮುಷ್ಕರ ಆಗಾಗ ಆಗುತ್ತಿರುತ್ತದೆ. ಮೊದಲೇ ಘೋಷಿಸುತ್ತಾರೆ, ಅಲ್ಲಿನ ಸಾರಿಗೆ ಸಚಿವಾಲಯದ ಜಾಲತಾಣದಲ್ಲಿ ಪಟ್ಟಿ ಇರುತ್ತದೆ. ಕೆಲಸದ ದಿನಗಳಲ್ಲಿ ಮುಷ್ಕರವಿದ್ದರೂ ಬೆಳಗ್ಗೆ 6ರಿಂದ 9 ಮತ್ತು ಸಂಜೆ 6ರಿಂದ 9ರವರೆಗೆ ಸ್ಥಳೀಯ ಗಾಡಿಗಳನ್ನು ಓಡಿಸಲೇಬೇಕೆಂಬ ನಿಯಮವಿದೆ. ಒಂಬತ್ತಕ್ಕೆ ರೋಮ್‌ನಲ್ಲಿ ಇಳಿಯುವವರು ಆ ಅವಧಿ ಮುಗಿದ ಮೇಲೆ ಸಿಕ್ಕಿಬೀಳುತ್ತಾರೆ. ಒಂದು ದಿನ ಮೊದಲು ಹೋಗಲು ಇದೂ ಒಂದು ಕಾರಣ.

ಇಸಾರ್_ದಂಡೆ

ವೀಸಾ ಬಗ್ಗೆ ಯಾರೂ ಹೇಳಲಿಲ್ಲ. ಹಡಗು ಕುಶಾದಸಿಗೆ ಹೋಗುತ್ತದೆ ಎಂದಿರಿ. ಟರ್ಕಿ ಷೆಂಗೆನ್‌ಗೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿಗೆ ಸೇರಿಲ್ಲ. ಅಲ್ಲಿಗೆ ಹೋಗಿ ಮತ್ತೆ ಗ್ರೀಸ್‌ಗೆ ಬರುವುದರಿಂದ ನಿಮಗೆ ಒಂದಕ್ಕಿಂತ ಹೆಚ್ಚು ಸಲ ಪ್ರವೇಶಿಸಬಹುದಾದ ಷೆಂಗೆನ್ ವೀಸಾವೇ ಬೇಕು, ಅರ್ಜಿಯಲ್ಲಿ ಅದನ್ನು ಸ್ಪಷ್ಟವಾಗಿ ಕೇಳಿ, ಹಡಗಿನ ಮಾರ್ಗಪಟ್ಟಿಯನ್ನು ಲಗತ್ತಿಸಿ. ಹೆಚ್ಚು ದಿನ ಇರುವ ದೇಶದ ಕಾನ್ಸುಲೇಟ್‌ಗೆ ಅರ್ಜಿ ಹಾಕಬೇಕು, ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ರೋಮ್‌ನಲ್ಲಿ ಹೆಚ್ಚು ದಿನ ಇರುವುದಾದರೆ ಇಟಲಿಗೆ ಹಾಕಬೇಕಾದೀತು, ಮ್ಯೂನಿಕ್‌ನಲ್ಲಿ ಇಳಿಯುತ್ತೇವೆ ಎಂಬ ಒಂದೇ ಕಾರಣಕ್ಕೆ ಜರ್ಮನಿಗೆ ಹಾಕಬೇಡಿ. ಆರು ತಿಂಗಳು ಮೊದಲಿನಿಂದಲೇ ಅರ್ಜಿ ಹಾಕಬಹುದು. ವಿಮೆಯ ಮೊತ್ತ ಕನಿಷ್ಠ 30,000 ಯೂರೋ ಇರಬೇಕು. ಕುಶಾದಸಿಯಲ್ಲಿ ಇಳಿಯಲು ಏನು ಬೇಕು ಎಂಬುದನ್ನು ಹಡಗಿನ ಕಂಪನಿಯಿಂದ ಬರವಣಿಗೆಯಲ್ಲಿ ಪಡೆಯಿರಿ.

ಮಲೆನಾಡಿಗ

ಊಟದ ಗತಿ ಏನು? ಆ ರೈಲಿನಲ್ಲಿ ಪ್ಯಾಂಟ್ರಿ ಇದೆಯೇ?

ಡ್ಯಾನ್ಯೂಬ್_ಕನ್ನಡತಿ

ಊಟದ ಬೋಗಿ ಇಲ್ಲ. ಪರಿಚಾರಕರ ಬಳಿ ಬಿಸಿ ಮಾಡಿ ಕೊಡುವ ಕೆಲವು ತಿನಿಸು, ನೀರು, ಪಾನೀಯಗಳು ಮಾರಾಟಕ್ಕಿರುತ್ತವೆ. ಬೆಳಗ್ಗೆ ಕುಶೆಟ್‌ನವರಿಗೆ ಎರಡು ಬನ್ನು, ಬೆಣ್ಣೆ, ಜಾಮ್ ಮತ್ತು ಚಹಾ ಅಥವಾ ಕಾಫಿ ಟಿಕೆಟ್‌ನಲ್ಲೇ ಸೇರಿದೆ. ನಾದಿನಿಯ ಮನೆಯಿಂದ ಚಪಾತಿ ಪಲ್ಯ, ಪುಳಿಯೋಗರೆ ಕಟ್ಟಿಸಿಕೊಂಡು ಹೋಗುವುದೇ ಸರಿಯಾದ ದಾರಿ. ಊರಿನಿಂದ ತರುವುದಾದರೆ ನೆನಪಿಡಿ: ಹೊರದೇಶದಿಂದ ಬರುವವರು ಹಾಲಿನ ಪದಾರ್ಥ ಮತ್ತು ಮಾಂಸವನ್ನು ಯುರೋಪ್ ಒಕ್ಕೂಟಕ್ಕೆ ತರುವಂತಿಲ್ಲ. ತುಪ್ಪದ ಡಬ್ಬಿ, ಪೇಡೆ ಮನೆಯಲ್ಲೇ ಇರಲಿ. ಚಟ್ನಿಪುಡಿಗೆ ತೊಂದರೆಯಿಲ್ಲ.

ಹೇಮಾವತಿ_ತೀರ

ನಿನ್ನೆ ರಾತ್ರಿ ಮನೆಯವರೆಲ್ಲ ಕುಳಿತು ಈ ಎಲ್ಲ ಉತ್ತರಗಳನ್ನು ಓದಿದೆವು. ಯಜಮಾನರು ಕಡಲ_ಪಯಣಿಗ ಅವರ ಮಗಳು ಕೈ ಬೀಸಿದ ಭಾಗವನ್ನು ಎರಡು ಸಲ ಓದಿ ಸುಮ್ಮನಾದರು. ಹಡಗಿಗಿಂತ ಎರಡು ದಿನ ಮೊದಲಿನ ರಾತ್ರಿಯ ರೈಲು ಹತ್ತಿ, ಹಿಂದಿನ ದಿನ ಬೆಳಗ್ಗೆ ರೋಮ್‌ನಲ್ಲಿ ಇಳಿದು, ಚಿವಿತಾವೆಕ್ಕಿಯಾದಲ್ಲಿ ತಂಗುವುದೆಂದು ಗೊತ್ತುಮಾಡಿಕೊಂಡಿದ್ದೇವೆ. ನಮ್ಮ ದಿನಾಂಕಕ್ಕೆ ಆರು ಬರ್ತ್‌ನ ಹಳೆಯ ಬೋಗಿಯನ್ನೇ ತೋರಿಸುತ್ತಿದೆ, ಇಡೀ ಕೋಣೆಯನ್ನು ತೆಗೆದುಕೊಳ್ಳುತ್ತೇವೆ. ಟಿಕೆಟ್_ಲೆಕ್ಕ ಅವರು ಹೇಳಿದ ಹಗಲು ರೈಲಿನ ಆಸೆ ಮಗಳಿಗೆ ಹತ್ತಿದೆ, ಹಿಂತಿರುಗುವಾಗ ರೋಮ್‌ನಿಂದ ಮ್ಯೂನಿಕ್‌ಗೆ ಬ್ರೆನ್ನರ್ ದಾರಿಯಲ್ಲಿಯೇ ಬರೋಣ ಎಂದುಕೊಂಡಿದ್ದೇವೆ. ಆಗ ಹಡಗಿನ ಅವಸರ ಇರುವುದಿಲ್ಲವಲ್ಲ.

ಒಂದು ಸಣ್ಣ ಸಂದೇಹ ಉಳಿದಿದೆ. ನಡುವಿನ ಬರ್ತ್ ಬಿಚ್ಚಿದ ಮೇಲೆ ಕೆಳಗೆ ಕುಳಿತುಕೊಳ್ಳಲು ತಲೆ ತಾಗುತ್ತದೆಯೇ? ಅತ್ತೆಯವರು ಮಲಗುವ ಮೊದಲು ಸ್ವಲ್ಪ ಹೊತ್ತು ಕಾಲು ಇಳಿಬಿಟ್ಟು ಕುಳಿತು ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಾರೆ.

ನಿವೃತ್ತ_ಗಾರ್ಡ್

ತಾಗುತ್ತದೆ, ತಾಯಿ. ನಮ್ಮ ತ್ರೀ ಟಯರ್‌ನಲ್ಲಿ ಆಗುವ ಹಾಗೆಯೇ. ಕೋಣೆ ಪೂರ್ತಿ ನಿಮ್ಮದೇ ಆದ್ದರಿಂದ ಅತ್ತೆಯವರ ಮೇಲಿನ ನಡು ಬರ್ತ್ ಅನ್ನು ಬಿಚ್ಚಲೇಬೇಡಿ. ಎದುರುಗಡೆಯ ನಡು ಬರ್ತ್‌ನಲ್ಲಿ ಮಗಳು, ಮೇಲಿನ ಒಂದರಲ್ಲಿ ಯಜಮಾನರು, ಇನ್ನೊಂದರಲ್ಲಿ ಮಗನ ಜೊತೆ ನೀವು ಮಲಗಿದರೆ ಐದೇ ಬರ್ತ್ ಸಾಕಾಗುತ್ತದೆ. ಅತ್ತೆಯವರು ಬೇಕಾದಷ್ಟು ಹೊತ್ತು ಬೆನ್ನು ನೆಟ್ಟಗೆ ಮಾಡಿ ಕುಳಿತುಕೊಳ್ಳಬಹುದು.

ಡ್ಯಾನ್ಯೂಬ್_ಕನ್ನಡತಿ

ಹಾಗೆ ಮಾಡಿದರೆ ಲಗೇಜಿಗೆ ಬರ್ತ್ ಉಳಿಯುವುದಿಲ್ಲ, ಆದ್ದರಿಂದ ಬಾಗಿಲ ಮೇಲಿನ ಅಟ್ಟವನ್ನು ಮರೆಯಬೇಡಿ, ಅಕ್ಕ. ಹತ್ತಿದ ಕೂಡಲೇ, ಎಲ್ಲರೂ ಕುಳಿತುಕೊಳ್ಳುವ ಮೊದಲೇ ಸೂಟ್‌ಕೇಸ್‌ಗಳನ್ನು ಅಲ್ಲಿಗೆ ಏರಿಸಿಬಿಡಿ. ಎಣ್ಣೆಯ ಸೀಸೆ ಮಾತ್ರ ಕೈಚೀಲದಲ್ಲಿರಲಿ.